ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ

ಚಿ. ಸೌ. ಪುಟ್ಟಿಗೆ,

ಭದ್ರಾವತಿಯಿಂದ ನಿನ್ನ ಅಪ್ಪನ ಆಶೀರ್ವಾದಗಳು.

ಮೊನ್ನೆ ರಾತ್ರಿ ಫೋನಿನಲ್ಲಿ ಮಾತು ಎಲ್ಲಿಗೆ ಹೋಗಿ ನಿಂತಿತೆಂಬುದು ಇಬ್ಬರಿಗೂ ಗೊತ್ತಿದೆ. ಅದನ್ನು ಮತ್ತೆ ಕೆದಕುವುದಿಲ್ಲ. ದನಿ ಏರಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಆದರೆ ವೈಟ್‌ಫೀಲ್ಡಿನ ಫ್ಲ್ಯಾಟಿಗೆ ಇಪ್ಪತ್ತು ವರ್ಷದ ಸಾಲ, ಅದರ ಕಂತಿಗೆ ನಿಮ್ಮಿಬ್ಬರ ಸಂಬಳ, ಆ ಎರಡೂ ಸಂಬಳ ಬರುವುದು ಒಂದೇ ಕಂಪನಿಯಿಂದ ಎಂದು ನೀನು ಹೇಳಿದಾಗ ನನ್ನ ಕಣ್ಣೆದುರು ಬಂದದ್ದು ನಮ್ಮ ಅಂಗಡಿಯ ಉದ್ರಿ ಪುಸ್ತಕ.

ಆ ಪುಸ್ತಕವನ್ನು ನೀನು ನೋಡಿದ್ದೀಯೇ ಹೊರತು ಓದಿಲ್ಲ. ಎಂಪಿಎಂ, ಅಂದರೆ ಮೈಸೂರು ಕಾಗದ ಕಾರ್ಖಾನೆಯ ಕೆಲಸಗಾರರಿದ್ದ ಪೇಪರ್ ಟೌನಿನ ಒಂದೊಂದು ಮನೆಗೆ ಒಂದೊಂದು ಪುಟವಿತ್ತು. ಸಂಬಳವಾದ ಸಂಜೆ ಬಾಕಿ ತೀರಿಸಿ, ನನ್ನ ಕೈಯಲ್ಲಿ ಅಡ್ಡಗೀಟು ಎಳೆಸಿಯೇ ಹೋಗುತ್ತಿದ್ದರು. 2015ರಲ್ಲಿ ಎಂಪಿಎಂನ ಉತ್ಪಾದನೆ ನಿಂತಾಗ ಗಿರಾಕಿಗಳು ಒಮ್ಮೆಲೇ ಕಡಿಮೆಯಾಗಲಿಲ್ಲ. ಮೊದಲು ಕಡಲೆಕಾಯಿ ಎಣ್ಣೆ ಬರೆಯುತ್ತಿದ್ದ ಪುಟಗಳಲ್ಲಿ ಪಾಮೋಲಿನ್ ಬಂತು. ಆಮೇಲೆ ಐದು ಕೆ.ಜಿ. ತೊಗರಿಬೇಳೆ ಎರಡಾಯಿತು, ಎರಡು ಅರ್ಧವಾಯಿತು. ಕೊನೆಗೆ, ಬಾಕಿ ಉಳಿಸಿಕೊಂಡವರು ಅಂಗಡಿಯ ಮುಂದೆ ಹಾಯುವುದಕ್ಕೆ ಸಂಕೋಚಪಟ್ಟು ಹಿಂದಿನ ರಸ್ತೆ ಹಿಡಿದರು. ಮಾನವಂತರು ಅವರು. ಗೀಟು ಬೀಳದ ಆ ಪುಟಗಳನ್ನು ನಾನು ಈಗಲೂ ತೆಗೆದು ನೋಡುತ್ತೇನೆ. ಹಣಕ್ಕಾಗಿ ಅಲ್ಲ, ಕಾರ್ಖಾನೆಯ ಗೇಟಿನೊಳಗೆ ಕಾಲಿಡದ ನನ್ನಂಥವನ ಅನ್ನವೂ ಅದೇ ಸಂಬಳಕ್ಕೆ ಕಟ್ಟುಬಿದ್ದಿತ್ತೆಂಬುದು ಅಲ್ಲಿ ತಾರೀಖಿನ ಸಮೇತ ಬರೆದಿದೆಯೆಂಬ ಕಾರಣಕ್ಕೆ. ಆ ಕಾರ್ಖಾನೆಯ ಸಕ್ಕರೆ ಘಟಕಕ್ಕೆ ಕಬ್ಬು ಹಾಕುತ್ತಿದ್ದ ರೈತರ ಪಾಡೂ ಬೇರೆಯಾಗಿರಲಿಲ್ಲ.

ಇದು ಯಾರ ಮೈಗಳ್ಳತನದಿಂದಲೂ ಆದದ್ದಲ್ಲ. ನಮ್ಮೂರಿನ ಇನ್ನೊಂದು ಕಾರ್ಖಾನೆ ವಿಐಎಸ್‌ಎಲ್, ಅಂದರೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನೇ ನೋಡು. 1923ರಲ್ಲಿ ಇಲ್ಲಿ ಕಬ್ಬಿಣ ಕರಗಿದ್ದು ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು ಕೈಗೆಟುಕುವಷ್ಟು ಹತ್ತಿರವಿದ್ದವೆಂದು. ಮುಂದೆ ಇದ್ದಿಲಿನ ಜಾಗಕ್ಕೆ ಜೋಗದ ವಿದ್ಯುತ್ತು ಬಂತು. ಸ್ವಂತ ಗಣಿ ಕೈಬಿಟ್ಟುಹೋದ ಮೇಲೆ ಅದಿರನ್ನು ಕೊಂಡು ತಂದು ದೊಡ್ಡ ಸ್ಥಾವರಗಳೊಂದಿಗೆ ಪೈಪೋಟಿ ಮಾಡುವುದು ವಿಐಎಸ್‌ಎಲ್‌ಗೆ ಭಾರವಾಯಿತು. ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಒಂದು ಉದ್ಯಮವನ್ನು ಒಂದೂರಿಗೆ ಕರೆತಂದ ಕಾರಣಗಳು ಒಂದೊಂದಾಗಿ ಸರಿದುಹೋಗುವುದು ಒಳಗೆ ದುಡಿಯುವವರಿಗೆ ತಡವಾಗಿ ತಿಳಿಯುತ್ತದೆ. ನಿಮ್ಮನ್ನು ವೈಟ್‌ಫೀಲ್ಡಿಗೆ ಕರೆಸಿಕೊಂಡ ಕಾರಣಗಳೇನು, ಅವುಗಳಲ್ಲಿ ಯಾವುದು ಈಗಾಗಲೇ ಸಡಿಲಾಗಿದೆ ಎಂದು ನೀವಿಬ್ಬರೂ ಕೂತು ಯೋಚಿಸಿದ್ದೀರಾ?

ಉಪದೇಶವಾಯಿತು, ಗೊತ್ತು. ಆದರೂ ಹೇಳುತ್ತೇನೆ: ಕಂತು ಒಬ್ಬರ ಸಂಬಳದಲ್ಲಿ ತೀರುವಷ್ಟಿರಲಿ, ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿರಲಿ, ಇಬ್ಬರಲ್ಲಿ ಒಬ್ಬರಾದರೂ ಬೇರೆ ಕಡೆ ಕೆಲಸ ಹುಡುಕಿಕೊಳ್ಳಿ. ಅಂಗಡಿಯವನ ಮಗಳು ಎಂಜಿನಿಯರಾಗಿ, ಬ್ಯಾಂಕಿನವರು ತಾವಾಗಿ ಸಾಲ ಕೊಡಲು ಬರುವ ಮಟ್ಟಕ್ಕೆ ಬೆಳೆದಿದ್ದಾಳೆಂದು ನಾನು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದೇನೆ. ಆ ಹೆಮ್ಮೆಯೂ ಈ ಭಯವೂ ಒಟ್ಟಿಗೇ ಇವೆ.

ಸಾಲದ ಕಾಗದಗಳ ನಕಲು ಕಳಿಸು. ನಾನು ನಿಧಾನವಾಗಿ ಓದುತ್ತೇನೆ. ಅಷ್ಟಾದ ಮೇಲೂ ಮನೆ ಕೊಳ್ಳುವುದೆಂದರೆ, ಮುಂಗಡಕ್ಕೆ ನನ್ನ ಠೇವಣಿಯ ಹಣ ತೆಗೆದುಕೋ. ಅಷ್ಟರ ಮಟ್ಟಿಗೆ ಸಾಲ ಕಡಿಮೆ ಮಾಡಿಕೋ.

ಇಂತಿ,
ನಿನ್ನ ಅಪ್ಪ