ಆ ‘ಸಂದೇಶ’ದ ಕಾಲಂ ತೆಗೆದುಬಿಡಿ

ಮಾನ್ಯ ಸಂಪಾದಕರೇ,

ವಿದ್ಯಾರ್ಥಿಗಳ ಕಿರುಚಿತ್ರ ಸ್ಪರ್ಧೆಯ ಅರ್ಜಿಗಳಲ್ಲಿ ಹೆಸರು, ತರಗತಿ, ಚಿತ್ರದ ಅವಧಿ ಎಲ್ಲ ಆದಮೇಲೆ ‘ಚಿತ್ರದ ಸಂದೇಶ’ ಅಂತ ಒಂದು ಕಾಲಂ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದನ್ನು ತೆಗೆದುಹಾಕಿ ಅಂತ ಕೇಳುವುದಕ್ಕೆ ಈ ಪತ್ರ. ಇಷ್ಟು ಸಣ್ಣ ವಿಷಯಕ್ಕೆ ಪತ್ರ ಬೇರೆ ಕೇಡು ಅನ್ನಿಸಬಹುದು. ಹೋದ ತಿಂಗಳವರೆಗೆ ನನಗೂ ಹಾಗೇ ಅನ್ನಿಸುತ್ತಿತ್ತು.

ಹೋದ ತಿಂಗಳು ಒಂದು ಕಾಲೇಜಿನಲ್ಲಿ ಮಕ್ಕಳು ತಮ್ಮ ಸಿನಿಮಾ ಕಥೆ ಹೇಳುವ ಕಾರ್ಯಕ್ರಮ ಇತ್ತು. ಒಬ್ಬೊಬ್ಬರಿಗೆ 5 ನಿಮಿಷ. ಎದುರಿಗೆ ಕೂತು ಕೇಳಿ, ಪ್ರಶ್ನೆ ಹಾಕಲು ಮೂವರು. ಅವರಲ್ಲಿ ನಾನೂ ಒಬ್ಬ. ನಾನು ಸಿನಿಮಾ ಬಗ್ಗೆ ಪಾಠ ಮಾಡುವವನು, ಸಿನಿಮಾ ಮಾಡಿದವನಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಮೊದಲು ಬಂದ ಹುಡುಗ ತಾತನಿಂದ ಶುರುಮಾಡಿದ. ತಾತನ ಜಗಳ, ಅಪ್ಪನ ಪ್ರೇಮ, ಮಗನ ಸೇಡು. ಗಂಟೆ ಹೊಡೆದಾಗ ಅಪ್ಪನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಎಷ್ಟು ಹೊತ್ತಿನ ಸಿನಿಮಾ ಅಂತ ಕೇಳಿದರೆ ‘10 ನಿಮಿಷ ಸರ್’ ಅಂದ. ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಸುಮಾರು ಒಂದು ನಿಮಿಷ ಅನ್ನುವುದು ಸ್ಕ್ರಿಪ್ಟ್ ಬರೆಯುವವರ ಹಳೇ ಅಂದಾಜು. ಆ ಲೆಕ್ಕದಲ್ಲಿ ತಾತನಿಗೆ ಮೂರು ಪುಟ, ಅಪ್ಪನಿಗೆ ಮೂರು, ಮಗನಿಗೆ ಮೂರು, ಸೇಡಿಗೆ ಉಳಿಯುವುದು ಒಂದೇ. ಹುಡುಗ ಬೆರಳು ಮಡಚಿ ಎಣಿಸಿ ತಾನೇ ನಕ್ಕುಬಿಟ್ಟ. ಪುಟದ ಲೆಕ್ಕ ಅವನ ತಲೆಗೆ ಹೋಯಿತು, ಆ ಲೆಕ್ಕಕ್ಕೆ ಸಂದೇಶ ಏನೂ ಬೇಕಾಗಲಿಲ್ಲ.

ಇನ್ನೊಬ್ಬ ಕೊನೆಯ ಟ್ವಿಸ್ಟ್ ಹೇಳುವುದೇ ಇಲ್ಲ ಅಂತ ಹಟ ಹಿಡಿದ. ಹೇಳಿದರೆ ಮಜಾ ಹೋಗುತ್ತಂತೆ! ಕಥೆ ಕೇಳಿ ದುಡ್ಡು ಹಾಕುವವನ ಮುಂದೆಯೂ ಹೀಗೇ ಅನ್ನುತ್ತೀಯಾ ಅಂದರೆ ಸುಮ್ಮನಾದ. ಅವನಿಗೆ ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ ಮಾತು ನೆನಪು ಮಾಡಿದೆ. ಇಬ್ಬರು ಮೇಜಿನ ಮುಂದೆ ಕೂತು ಏನೋ ಹರಟುತ್ತಿದ್ದಾರೆ, ಇದ್ದಕ್ಕಿದ್ದಂತೆ ಮೇಜಿನ ಕೆಳಗಿನ ಬಾಂಬ್ ಸಿಡಿಯುತ್ತದೆ. ನೋಡುವವನಿಗೆ 15 ಸೆಕೆಂಡಿನ ಗಾಬರಿ. ಅದೇ ಬಾಂಬ್ ಇರುವುದು, ಒಂದು ಗಂಟೆಗೆ ಸಿಡಿಯುವುದು ನೋಡುವವನಿಗೆ ಮೊದಲೇ ಗೊತ್ತಿದ್ದು, ಗೋಡೆ ಗಡಿಯಾರ ಹನ್ನೆರಡೂ ಮುಕ್ಕಾಲು ತೋರಿಸುತ್ತಿದ್ದರೆ? ಅದೇ ಹರಟೆ 15 ನಿಮಿಷ ಉಸಿರು ಬಿಗಿಹಿಡಿಸುತ್ತದೆ. ಮುಚ್ಚಿಡುವುದಕ್ಕಿಂತ ಹೇಳಿಬಿಡುವುದರಲ್ಲೇ ಕೆಲವು ಸಲ ಜಾಸ್ತಿ ಮಜಾ ಇದೆ ಅಲ್ವಾ. ಅವನು ಪೂರ್ತಿ ಒಪ್ಪಲಿಲ್ಲ, ಆದರೆ ಟ್ವಿಸ್ಟ್ ಹೇಳಿದ. ಚೆನ್ನಾಗಿಯೇ ಇತ್ತು.

ಆಮೇಲೆ ಬಂದದ್ದು ಒಬ್ಬಳು ಹುಡುಗಿ. ಕೈಯಲ್ಲಿ ಚೀಟಿ ಇರಲಿಲ್ಲ, ಸ್ಲೈಡ್ ಇರಲಿಲ್ಲ. ಅವಳ ಕಥೆಯಲ್ಲಿ ಒಬ್ಬಳು ಅಜ್ಜಿ, ಕಿವಿ ಪೂರ್ತಿ ಕೇಳಿಸುವುದಿಲ್ಲ. ದಿನಾ ಸಂಜೆ ಟಿವಿ ಮುಂದೆ ಕೂತು ಧಾರಾವಾಹಿ ನೋಡುತ್ತಾಳೆ, ರಾತ್ರಿ ಮೊಮ್ಮಗಳಿಗೆ ಅವತ್ತಿನ ಕಥೆ ಹೇಳುತ್ತಾಳೆ. ಟಿವಿಯಲ್ಲಿ ನಡೆದದ್ದೇ ಒಂದು, ಅಜ್ಜಿ ಹೇಳುವುದೇ ಇನ್ನೊಂದು. ಮೊಮ್ಮಗಳಿಗೆ ಅದು ಗೊತ್ತು, ತಮಾಷೆ ಅಂತ ಕೇಳಿಸಿಕೊಳ್ಳುತ್ತಾಳೆ. ಒಂದು ರಾತ್ರಿ ಬಟ್ಟೆ ಮಡಚುತ್ತಾ ಬಾಗಿಲ ಹತ್ತಿರ ನಿಂತ ಸೊಸೆಯ ಕಿವಿಗೆ ಆ ಕಥೆ ಬೀಳುತ್ತದೆ. ಅಜ್ಜಿ ಹೇಳುತ್ತಿರುವುದು ಸೊಸೆಯದೇ ಬದುಕು. ಯಾರಿಗೂ ಗೊತ್ತಿಲ್ಲ ಅಂತ ಅವಳು ಅಂದುಕೊಂಡಿದ್ದದ್ದೆಲ್ಲ ಅದರಲ್ಲಿ ಇದೆ. ಮಡಚುತ್ತಿದ್ದ ಸೀರೆ ಕೈಯಲ್ಲೇ ನಿಲ್ಲುತ್ತದೆ.

ಇಲ್ಲಿಗೆ ನಿಲ್ಲಿಸಿದಳು. ಇನ್ನೂ ಒಂದು ನಿಮಿಷ ಬಾಕಿ ಇತ್ತು. ಇಡೀ ಕೋಣೆ ಸುಮ್ಮನಿತ್ತು.

ಆಗ ನಾನು ಬಾಯಿಬಿಟ್ಟೆ. ‘ತುಂಬಾ ಚೆನ್ನಾಗಿದೆ. ಆದರೆ ಇದರಲ್ಲಿ ಸಮಾಜಕ್ಕೆ ಸಂದೇಶ ಏನಮ್ಮಾ?’ ಅಂತ ಕೇಳಿದೆ. ನನ್ನ ಮುಂದಿದ್ದ ಅಂಕಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇತ್ತು, ತುಂಬಬೇಕಿತ್ತು, ಕೇಳಿದೆ. ಹುಡುಗಿ ನನ್ನ ಮುಖ ನೋಡಿದಳು, ನೆಲ ನೋಡಿದಳು. ‘ಹಿರಿಯರನ್ನು ಗೌರವದಿಂದ ನೋಡಿಕೊಳ್ಳಬೇಕು ಸರ್’ ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಾಲಂ ತುಂಬಿದೆ.

ಮನೆಗೆ ಬಂದಮೇಲೆ ತಲೆ ಚಚ್ಚಿಕೊಂಡೆ. ಯಾಕೆಂದರೆ ಪಾಠ ಹೇಳುವವನಾಗಿ ನನಗೆ ಗೊತ್ತಿರಬೇಕಿತ್ತು. ಸುಮಾರು 100 ವರ್ಷದ ಹಿಂದೆ ರಷ್ಯಾದಲ್ಲಿ ಕುಲೆಶೋವ್ ಅನ್ನುವ ನಿರ್ದೇಶಕ ಒಂದು ಪ್ರಯೋಗ ಮಾಡಿದ. ಒಬ್ಬ ನಟನ ಭಾವನೆಯೇ ಇಲ್ಲದ ಮುಖ, ಅದರ ಬೆನ್ನಿಗೇ ಪರದೆ ಮೇಲೆ ಒಂದು ಬಟ್ಟಲು ಸೂಪ್. ಮತ್ತೆ ಅದೇ ಮುಖ, ಬೆನ್ನಿಗೇ ಒಂದು ಶವಪೆಟ್ಟಿಗೆ. ಮುಖದ ತುಣುಕು ಎರಡೂ ಕಡೆ ಒಂದೇ. ಆದರೂ ನೋಡಿದವರಿಗೆ ಮೊದಲನೆಯದರಲ್ಲಿ ಹಸಿವು ಕಂಡಿತು, ಎರಡನೆಯದರಲ್ಲಿ ದುಃಖ. ಕಥೆ ಎರಡು ತುಣುಕುಗಳ ನಡುವೆ, ನೋಡುವವನ ತಲೆಯಲ್ಲಿ ಹುಟ್ಟಿತು. ಇದನ್ನು ಎಷ್ಟು ವರ್ಷದಿಂದ ಬೋರ್ಡ್ ಮೇಲೆ ಬರೆದು ಹೇಳುತ್ತಿದ್ದೇನೋ. ಆ ಹುಡುಗಿಯ ಅಜ್ಜಿ ಮಾಡುತ್ತಿದ್ದದ್ದೂ ಅದೇ ಅಲ್ಲವೇ, ಮಾತು ಕೇಳಿಸದ ಚಿತ್ರಗಳ ನಡುವೆ ತನ್ನ ಕಥೆ ಸೇರಿಸುವುದು! ಸಿನಿಮಾ ಅಂದರೇನು ಅಂತ ಇಷ್ಟು ಸಲೀಸಾಗಿ ಒಂದು ಮಗು ಹೇಳಿತು, ನಾನು ಅದನ್ನು ನೀತಿಪಾಠಕ್ಕೆ ಇಳಿಸಿ ಅಂಕ ಕೊಟ್ಟು ಬಂದೆ.

ಎರಡು ದಿನ ಬಿಟ್ಟು ಮಕ್ಕಳೆಲ್ಲ ತಮ್ಮ ಅನುಭವ ಬರೆದುಕೊಟ್ಟ ಹಾಳೆಗಳು ಬಂದವು. ನನಗೆ ಕಥೆಗಳಿಗಿಂತ ಆ ಹಾಳೆಗಳೇ ಇಷ್ಟವಾದವು. ಒಬ್ಬ ಬರೆದಿದ್ದ: ಕಥೆ ಹೇಳುವಾಗ ಯಾವ ಜಾಗದಲ್ಲಿ ಜನ ಮೊಬೈಲ್ ತೆಗೆದರು ಅಂತ ಗುರುತಿಟ್ಟುಕೊಂಡೆ, ಅಲ್ಲೆಲ್ಲ ಕತ್ತರಿ ಹಾಕುತ್ತೇನೆ. ಇನ್ನೊಬ್ಬಳು, ‘ಅವನಿಗೆ ಬೇಜಾರಾಗಿತ್ತು’ ಅಂತ ಹೇಳಿದ ತಕ್ಷಣ ಕ್ಯಾಮೆರಾಕ್ಕೆ ಅದು ಹೇಗೆ ಕಾಣಬೇಕು ಅಂತ ನನಗೇ ಗೊತ್ತಿರಲಿಲ್ಲ ಅಂತ ಬರೆದಿದ್ದಳು. ಅಜ್ಜಿ ಕಥೆಯ ಹುಡುಗಿಯದು ಎರಡೇ ಸಾಲು: ‘ಸಂದೇಶ ಕೇಳಿದರು ಅಂತ ಏನೋ ಹೇಳಿದೆ. ನನ್ನ ಕಥೆಯಲ್ಲಿ ಅದು ಇಲ್ಲ.’

ರಸ್ತೆ ಸುರಕ್ಷತೆ, ನೀರಿನ ಉಳಿತಾಯ ಅಂತ ವಿಷಯ ಕೊಟ್ಟೇ ಸ್ಪರ್ಧೆ ಮಾಡುವವರು ಸಂದೇಶ ಕೇಳಲಿ, ಅದು ಜಾಹೀರಾತಿನ ಕೆಲಸ, ಅದಕ್ಕೂ ಜಾಣ್ಮೆ ಬೇಕು. ನಾನು ಹೇಳುತ್ತಿರುವುದು ಮಕ್ಕಳು ಸ್ವಂತ ಕಥೆ ತರುವ ಕಡೆಯ ಮಾತು. ಕಾಲಂ ಇದ್ದರೆ ಅವರು ಮೊದಲು ಅದನ್ನು ತುಂಬಿ, ಆಮೇಲೆ ಅದಕ್ಕೆ ಹೊಂದುವ ಕಥೆ ಹುಡುಕುತ್ತಾರೆ. ಅದಕ್ಕೇ ಅಷ್ಟೊಂದು ಕಿರುಚಿತ್ರಗಳ ಕೊನೆಗೆ ಕಪ್ಪು ಪರದೆ ಮೇಲೆ ಒಂದು ಬುದ್ಧಿಮಾತು ಬಂದು ಕೂರುವುದು. ಕಾಲಂ ಬೇಕೇ ಬೇಕು ಅಂದರೆ ‘ಮೊದಲು ಏನು ಕಾಣುತ್ತದೆ?’ ಅಂತ ಇಡಿ. 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ, ಸಿನಿಮಾ ಶುರುಮಾಡಿದವರ ಸಾಲಿನ ಲ್ಯೂಮಿಯೇರ್ ಸಹೋದರರು ಟಿಕೆಟ್ ಇಟ್ಟು ತೋರಿಸಿದ 10 ಚಿತ್ರಗಳೂ ಒಂದೊಂದು ಸುಮಾರು 50 ಸೆಕೆಂಡಿನವು, ಕೆಲಸ ಮುಗಿಸಿ ಕಾರ್ಖಾನೆಯಿಂದ ಹೊರಗೆ ಬರುವ ಜನ, ಇಂಥವೇ. ಅವರನ್ನು ಸಂದೇಶ ಕೇಳಿದ್ದರೆ ಪಾಪ ಏನು ಹೇಳುತ್ತಿದ್ದರೋ.

ಆ ಹುಡುಗಿಯನ್ನು ಮತ್ತೆ ಭೇಟಿ ಮಾಡಿ ತಪ್ಪಾಯಿತು ಅಂದೆ. ಅವಳು ಅದನ್ನು ಅಷ್ಟೇನೂ ತಲೆಗೆ ಹಾಕಿಕೊಂಡಿರಲಿಲ್ಲ. ಮೊಬೈಲ್‌ನಲ್ಲೇ ಶೂಟಿಂಗ್ ಶುರುಮಾಡಿದ್ದಾಳೆ. ಈಗ ಅವಳ ತಲೆಬಿಸಿಯೇ ಬೇರೆ: ಟಿವಿ ಪರದೆಯನ್ನು ತೋರಿಸಬೇಕೋ, ಅದರ ಬೆಳಕು ಬಿದ್ದ ಅಜ್ಜಿಯ ಮುಖ ಮಾತ್ರ ಸಾಕೋ. ನಾನು ಮುಖ ಸಾಕು ಅಂದೆ. ಅವಳು ಇನ್ನೂ ಒಪ್ಪಿಲ್ಲ.

ಇತಿ,
ಒಬ್ಬ ಮೇಷ್ಟ್ರು