ಲ್ಯಾಬ್ ಪೋಸ್ಟಿಂಗ್‌ಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಸೋಮವಾರದಿಂದ ಆಸ್ಪತ್ರೆ ಲ್ಯಾಬಿನಲ್ಲಿ ನಿನ್ನ ಪೋಸ್ಟಿಂಗ್ ಅಂತ ಕೇಳಿ ತುಂಬಾ ಖುಷಿಯಾಯಿತು. ಎಂ.ಎಸ್ಸಿ. ಕ್ಲಿನಿಕಲ್ ಬಯೋಕೆಮಿಸ್ಟ್ರಿಯಲ್ಲಿ ಇಷ್ಟು ದಿನ ಓದಿದ್ದು ಇನ್ನು ಕೈಗೆ ಹತ್ತಬೇಕು. "ಎಲ್ಲಾ ಮೆಷಿನ್ನೇ ಮಾಡುತ್ತಲ್ಲಮ್ಮಾ, ನಾವು ಅಲ್ಲಿ ಕಲಿಯೋದೇನು?" ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೇ ಈ ಪತ್ರ. ಲ್ಯಾಬಿನಲ್ಲೇ ಕೆಲಸ ಮಾಡಿಕೊಂಡು ಬಂದವಳು ನಾನು, ಸುಮ್ನೆ ಇರೋಕಾಗಲಿಲ್ಲ.

ಮೆಷಿನ್ ಅಳೆಯುತ್ತದೆ, ನಿಜ. ಆದರೆ ಲ್ಯಾಬಿನ ತಪ್ಪುಗಳಲ್ಲಿ ಜಾಸ್ತಿ ಪಾಲು ಆಗೋದು ಸ್ಯಾಂಪಲ್ ಮೆಷಿನ್ನಿಗೆ ಹೋಗೋ ಮೊದಲೇ.

ಹೀಗೊಂದು ರಿಪೋರ್ಟ್ ಬಂತು ಅಂದುಕೋ. ಪೊಟ್ಯಾಸಿಯಂ 8 ದಾಟಿದೆ, ಕ್ಯಾಲ್ಸಿಯಂ ಪಾತಾಳಕ್ಕಿಳಿದಿದೆ, ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಎಂಜೈಮ್ ಕೂಡ ತೀರಾ ಕಡಿಮೆ. ಪೊಟ್ಯಾಸಿಯಂ 3.5ರಿಂದ 5ರ ಆಸುಪಾಸಿನಲ್ಲಿ ಇರಬೇಕಾದ್ದು. 8 ಅಂದರೆ ಹೃದಯವೇ ನಿಲ್ಲಬಹುದು, ಎದೆ ಧಸಕ್ಕೆನ್ನುತ್ತದೆ. ವಾರ್ಡಿಗೆ ಫೋನ್ ಮಾಡಿದರೆ ರೋಗಿ ಎದ್ದು ಕೂತು ಕಾಫಿ ಕುಡಿಯುತ್ತಿದ್ದಾರೆ! ಈಗ ಮೂರು ನಂಬರನ್ನೂ ಒಟ್ಟಿಗೆ ನೋಡು. ನೇರಳೆ ಮುಚ್ಚಳದ ಟ್ಯೂಬಿನ ರಕ್ತವನ್ನು ಯಾರೋ ಬೇರೆ ಟ್ಯೂಬಿಗೆ ಸುರಿದಿದ್ದಾರೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಅದರಲ್ಲಿ ಹಾಕಿರೋ ಇಡಿಟಿಎ ಪೊಟ್ಯಾಸಿಯಂ ಲವಣ, ಅದಕ್ಕೇ ಪೊಟ್ಯಾಸಿಯಂ ಏರಿತು. ಅದು ಕ್ಯಾಲ್ಸಿಯಂ ಅನ್ನೂ ಹಿಡಿದುಕೊಂಡಿತು. ಆ ಎಂಜೈಮಿಗೆ ಬೇಕಾದ ಸತು, ಮೆಗ್ನೀಸಿಯಂ ಅನ್ನೂ ಬಿಡಲಿಲ್ಲ. ಪುಸ್ತಕದಲ್ಲಿ ಇದನ್ನೆಲ್ಲ ನೀನು ಓದಿದ್ದೀಯ. ಓಪಿಡಿ ರಶ್‌ನಲ್ಲಿ, ರಾಶಿ ಟ್ಯೂಬುಗಳ ನಡುವೆ ಇದು ಥಟ್ಟನೆ ಹೊಳೆಯಬೇಕಾದರೆ ಅಲ್ಲೇ ನಿಂತು ಪಳಗಬೇಕು.

ಸೆಂಟ್ರಿಫ್ಯೂಜಿನಿಂದ ತೆಗೆದ ಪ್ರತಿ ಟ್ಯೂಬನ್ನೂ ಬೆಳಕಿಗೆ ಹಿಡಿದು ನೋಡು. ಮೇಲೆ ನಿಂತ ತಿಳಿ, ಅಂದರೆ ಸೀರಮ್, ಕೆಂಪಗಿದ್ದರೆ ರಕ್ತಕಣ ಒಡೆದಿದೆ, ಆಗಲೂ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ದೂರದಿಂದ ಬಂದ ಶುಗರ್ ಸ್ಯಾಂಪಲ್ ಆದರೆ ರಕ್ತ ತೆಗೆದ ಹೊತ್ತು ಕೇಳು. ಹಾಗೇ ಇಟ್ಟ ರಕ್ತದಲ್ಲಿ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಗ್ಲೂಕೋಸ್ ಕರಗಿಹೋಗುತ್ತದೆ. ಬೂದು ಮುಚ್ಚಳದ ಟ್ಯೂಬಿನ ಫ್ಲೋರೈಡ್ ಕೂಡ ಮೊದಲ ಒಂದೆರಡು ಗಂಟೆ ಅದನ್ನು ಪೂರ್ತಿ ತಡೆಯೋದಿಲ್ಲ.

ಇನ್ನು ಕಂಟ್ರೋಲ್, ಅಂದರೆ ಉತ್ತರ ಮೊದಲೇ ಗೊತ್ತಿರೋ ಸ್ಯಾಂಪಲ್ ಹಾಕಿ ಮೆಷಿನ್ನನ್ನೇ ಪರೀಕ್ಷಿಸೋದು. ಇದು ಬೇಜಾರಿನ ಕೆಲಸ ಅಂತ ಎಲ್ಲರೂ ಹೇಳುತ್ತಾರೆ, ನನಗೆ ಮಾತ್ರ ಬಹಳ ಇಷ್ಟ. ಲೆವಿ ಮತ್ತು ಜೆನ್ನಿಂಗ್ಸ್ 1950ರಲ್ಲಿ ಕೊಟ್ಟ ಚಾರ್ಟನ್ನೇ ನಾವು ಇವತ್ತಿಗೂ ಬೆಳಿಗ್ಗೆ ಎದ್ದು ನೋಡೋದು. ಕಂಟ್ರೋಲ್ ಫಲಿತಾಂಶದ ಚುಕ್ಕಿ ಸರಾಸರಿಯಿಂದ 2 ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್) ಒಳಗಿದೆ ಅಂತ ಟಿಕ್ ಹಾಕಿ ಮುಂದೆ ಹೋಗಬೇಡ. ಸತತ ಹತ್ತು ಚುಕ್ಕಿ ಸರಾಸರಿಯ ಒಂದೇ ಕಡೆ ಬಿದ್ದರೆ ಏನೋ ಮೆಲ್ಲಗೆ ಜಾರುತ್ತಿದೆ. ಪರೀಕ್ಷೆಗೆ ಬಳಸೋ ರಾಸಾಯನಿಕದ (ರೀಏಜೆಂಟ್) ಲಾಟ್ ಬದಲಾಯಿತಾ, ಕ್ಯಾಲಿಬ್ರೇಷನ್ ಯಾವಾಗ ಆಗಿದ್ದು, ಕೇಳು. ವೆಲ್ಲೂರು ಸಿಎಂಸಿ ಆಸ್ಪತ್ರೆ ನಡೆಸೋ ಇಕ್ಯೂಎಎಸ್ (ಹೊರಗಿನವರಿಂದ ಗುಣಮಟ್ಟದ ಪರೀಕ್ಷೆ) ಫಲಿತಾಂಶ ಬರುತ್ತಿದ್ದರೆ ಅದನ್ನು ನಿನಗೂ ತೋರಿಸಲು ಹೇಳು. ನಮ್ಮ ನಂಬರ್ ಬೇರೆ ಲ್ಯಾಬುಗಳ ಜೊತೆ ಹೊಂದುತ್ತದೋ ಇಲ್ಲವೋ ಗೊತ್ತಾಗೋದು ಅಲ್ಲೇ.

ಜೀವಕ್ಕೆ ಅಪಾಯ ಇರೋ ನಂಬರ್ ಬಂದಾಗ ನಿಮ್ಮ ಮೇಡಂ ವಾರ್ಡಿಗೆ ಫೋನ್ ಮಾಡುತ್ತಾರಲ್ಲ, ಪಕ್ಕದಲ್ಲಿ ನಿಂತು ಕೇಳಿಸಿಕೋ. ಆ ಕಡೆಯವರಿಂದ ನಂಬರನ್ನು ತಿರುಗಿ ಹೇಳಿಸುತ್ತಾರೆ, ಹೆಸರು, ಹೊತ್ತು ಬರೆದುಕೊಳ್ಳುತ್ತಾರೆ. ಒಂದನ್ನೂ ಬಿಡೋ ಹಾಗಿಲ್ಲ.

ಹೆಪಟೈಟಿಸ್ ಬಿ ಲಸಿಕೆಯ ಮೂರನೇ ಡೋಸ್ ಬಾಕಿ ಇದೆ ಅಂದಿದ್ದೆ ಅಲ್ವಾ? ಸೋಮವಾರಕ್ಕೆ ಮೊದಲೇ ಹಾಕಿಸಿಕೊಂಡು ನನಗೊಂದು ಮೆಸೇಜ್ ಮಾಡು.

ನಿನ್ನ
ಅಮ್ಮ