ಹಗ್ಗ ಹಿಡಿದ ಅಣ್ಣನಿಗೆ

ಕಳೆದ ಭಾನುವಾರ ಸಿಡ್ನಿ ಪಶ್ಚಿಮದ ಬ್ಲೂ ಮೌಂಟನ್ಸ್‌ನಲ್ಲಿ ನನ್ನ ಹಗ್ಗ ಹಿಡಿದ ಅಣ್ಣನಿಗೆ ಈ ಮಾತು ತಲುಪಲಿ.

ಗೆಳತಿಯರೊಂದಿಗೆ ಹೇಕಿಯಾ ಪೊದೆಗಳಲ್ಲಿ ನುಗ್ಗಿ ಬಂದಿದ್ದೆ. ಅದರ ಎಲೆ ಥೇಟ್ ಸೂಜಿ, ಮೊಣಕೈಯೆಲ್ಲ ಗೀರು. ಜಲಪಾತದಲ್ಲಿ ಹಗ್ಗ ಹಿಡಿದು ಅರ್ಧ ಇಳಿದಾಗ ಪಾಚಿಗೆ ಕಾಲು ಜಾರಿ, ವೇಗ ತಡೆಯಲು ಹಗ್ಗ ಬಿಗಿಹಿಡಿದಿದ್ದ ಕೈ ಬಿಟ್ಟುಹೋಯಿತು. ಬೇರೆ ತಂಡದವರಾದ ನೀವು ಕೆಳಗಿನಿಂದ ಹಗ್ಗವನ್ನು ಬಿಗಿಯಾಗಿ ಜಗ್ಗಿದಿರಿ. ಹಾಗೆ ಜಗ್ಗಿದರೆ ಸೊಂಟಪಟ್ಟಿಗೆ ಸಿಕ್ಕಿಸಿದ, ಹಗ್ಗ ಹಾದುಹೋಗುವ ಡಿಸೆಂಡರ್ ಎಂಬ ಸಾಧನದಲ್ಲಿ ಹಗ್ಗ ಕಚ್ಚಿಕೊಂಡು ಇಳಿಯುವವರು ಅಲ್ಲೇ ನಿಲ್ಲುತ್ತಾರೆ. ನಾನೂ ನಿಂತೆ. ನನ್ನ "ಅಯ್ಯೋ ದೇವ್ರೇ" ಕೇಳಿಸಿತೇನೋ, ನೀರಿನ ಭೋರ್ಗರೆತದ ನಡುವೆ ಕನ್ನಡ: "ಹೆದರ್ಬೇಡಮ್ಮ, ನಾನ್ ಹಿಡ್ಕೊಂಡಿದೀನಿ!"

ಕೆಳಗೆ ಬಂದಾಗ ನಿಮ್ಮ ಅಂಗೈಯಲ್ಲಿ ಹಗ್ಗದ ಕೆಂಪು ಬರೆ ಕಂಡೆ. ನಡುಕದಲ್ಲಿ ಹೆಸರೂ ಕೇಳಲಿಲ್ಲ. ನಿಮ್ಮ ಉಪಕಾರ ಮರೆಯಲ್ಲ ಅಣ್ಣಾ. ಒಂದು ಸಲ ಮನೆಗೆ ಊಟಕ್ಕೆ ಬನ್ನಿ.